ಓದಲಾಗದ ಸಂದೇಶ, ಒತ್ತಿಬಿಟ್ಟ ಅನುಮತಿ: ನಮ್ಮ ಗಡಿನಾಡಿನ ಗಣಕ ಮತ್ತು ಫೋನುಗಳ ಸುರಕ್ಷತೆಯ ಕುರಿತು

ಓದುಮನೆ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಇರುವ ನಮ್ಮ ಗ್ರಾಮ ಗ್ರಂಥಾಲಯದಲ್ಲಿ ನಾಲ್ಕು ಹಳೆಯ ಗಣಕಗಳಿವೆ. ಅವುಗಳಲ್ಲಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಈ ಯಂತ್ರಗಳಲ್ಲಿಲ್ಲ. ಹೊಸ ಯಂತ್ರಗಳನ್ನು ಕೊಳ್ಳುವಷ್ಟು ಹಣ ಗ್ರಂಥಾಲಯದ ಖಾತೆಯಲ್ಲಿಲ್ಲ. ಆದ್ದರಿಂದ ಸಮಿತಿಯವರ ಒಪ್ಪಿಗೆ ಪಡೆದು, ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಕೈಟ್ ಗ್ನೂ/ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನೇ ನಾಲ್ಕಕ್ಕೂ ಹಾಕಿದೆವು. ಉಬುಂಟು ಎಂಬ ಲಿನಕ್ಸ್ ಬಗೆಯ ಮೇಲೆ ಕಟ್ಟಿರುವ ಈ ವ್ಯವಸ್ಥೆ ಹೈಸ್ಕೂಲು ಮಕ್ಕಳಿಗೆ ಆಗಲೇ ಗೊತ್ತಿದೆ, ಅವರ ಐಟಿ ಪಠ್ಯಪುಸ್ತಕ ಕನ್ನಡದಲ್ಲಿಯೂ ಅಚ್ಚಾಗುತ್ತದೆ, ಹಿರಿಯರೊಬ್ಬರಿಗೆ ತೊಡಕಾದರೆ ಪಕ್ಕದಲ್ಲಿ ಕುಳಿತ ಎಂಟನೆಯ ತರಗತಿಯ ಹುಡುಗಿಯೇ ಹೇಳಿಕೊಡಬಲ್ಲಳು. ಬೇರೆ ಯಾವ ಲಿನಕ್ಸ್ ಹಾಕಿದ್ದರೂ ಈ ಅನುಕೂಲ ನಮಗೆ ಸಿಗುತ್ತಿರಲಿಲ್ಲ.

ಈ ಬದಲಾವಣೆಯ ಬಳಿಕ ಜನರಿಗೆ ಸಹಾಯವಾಗಲೆಂದು ನಾನು ದಿನವೂ ಸಂಜೆ ಎರಡು ಗಂಟೆ ಅಲ್ಲಿ ಕುಳಿತುಕೊಳ್ಳತೊಡಗಿದೆ. ಬಂದವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ಗಣಕವಲ್ಲ. ಅವರು ಕಿಸೆಯಿಂದ ಫೋನು ತೆಗೆದು ನನ್ನ ಮುಂದೆ ಚಾಚಿ, "ಇದರಲ್ಲಿ ಎಂತ ಬರೆದಿದೆ, ಒಮ್ಮೆ ನೋಡು ಮಾರಾಯ" ಎನ್ನುತ್ತಿದ್ದರು. ಸಂದೇಶ ಕೆಲವೊಮ್ಮೆ ಮಲಯಾಳದಲ್ಲಿ, ಕೆಲವೊಮ್ಮೆ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಐದನೆಯದೋ ಏಳನೆಯದೋ ಓದಿ ತೋಟದ ಕೆಲಸಕ್ಕಿಳಿದ ನಮ್ಮ ಹಿರಿಯರಿಗೆ ಈ ಎರಡೂ ಭಾಷೆಗಳು ಕಿವಿಗೆ ಪರಿಚಿತವಾಗಿರಬಹುದು, ಕಣ್ಣಿಗೆ ಅಲ್ಲ. ವಿದ್ಯುತ್ ಬಿಲ್ಲಿನ ನಿಜವಾದ ಸೂಚನೆಯನ್ನೂ "ಇಂದು ರಾತ್ರಿ ಸಂಪರ್ಕ ಕಡಿತಗೊಳ್ಳುತ್ತದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ" ಎಂಬ ಮೋಸದ ಸಂದೇಶವನ್ನೂ ಅವರು ಒಂದೇ ರೀತಿಯಲ್ಲಿ, ಅಂದರೆ ಇನ್ನೊಬ್ಬರ ಬಾಯಿಂದ, ತಿಳಿದುಕೊಳ್ಳಬೇಕಾಗಿದೆ. ಓದಿ ಹೇಳುವವನು ಒಳ್ಳೆಯವನಾದರೆ ಬಚಾವು. ಒಂದು ದಿನ ಅಪರಿಚಿತರೊಬ್ಬರು ನನ್ನ ಕೈಗೆ ಫೋನು ಕೊಟ್ಟು ಹೊರಗೆ ವೀಳ್ಯ ಉಗುಳಲು ಹೋದಾಗ, ಆ ಪರದೆಯ ಮೇಲೆ ಅವರ ಬ್ಯಾಂಕಿನ ಒಟಿಪಿ ಮೂಡಿತು. ನನ್ನ ಎದೆ ಧಸಕ್ಕೆಂದಿತು.

ನಮ್ಮ ಊರುಗಳಲ್ಲಿ ಸ್ಪ್ಯಾಮ್, ಆನ್‌ಲೈನ್ ವಂಚನೆ, ಸುರಕ್ಷತೆ ಎಂದು ಮಾತನಾಡುವಾಗ ಈ ಓದಿನ ತೊಡಕನ್ನು ಮೊದಲಿಗೆ ಇಟ್ಟುಕೊಳ್ಳಬೇಕೆಂದು ನನಗೆ ತೋರುತ್ತದೆ. ತನ್ನ ಫೋನು ಕೇಳುವ ಪ್ರಶ್ನೆಯನ್ನು ತಾನೇ ಓದಲಾಗದವನಿಗೆ "ಎಚ್ಚರದಿಂದಿರಿ" ಎಂದು ಹೇಳಿ ಏನು ಪ್ರಯೋಜನ? ನೀವು ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ಏನನ್ನು ಕಂಡಿದ್ದೀರಿ, ಏನನ್ನು ಮಾಡಿ ನೋಡಿದ್ದೀರಿ ಎಂಬುದನ್ನು ದಯವಿಟ್ಟು ಇಲ್ಲೇ ಕೆಳಗೆ ಬರೆಯಿರಿ. ಅದನ್ನೆಲ್ಲ ಸೇರಿಸಿ ಗ್ರಂಥಾಲಯದಲ್ಲಿ ಹಂಚಲು ಕನ್ನಡದ ಒಂದು ಹಾಳೆಯನ್ನು ಸಿದ್ಧಪಡಿಸುವ ಆಸೆಯಿದೆ.

ಕಂಗಿನತೋಟ, ಪೆರ್ಲ

ನೀವು ಬರೆದದ್ದನ್ನು ಓದಿದಾಗ ನಮ್ಮ ಮನೆಯ ಕಥೆಯನ್ನೇ ಯಾರೋ ಹೇಳಿದಂತಾಯಿತು, ಅಣ್ಣ.

ಕಳೆದ ಮದುವೆಯ ಹಂಗಾಮಿನಲ್ಲಿ ನನ್ನ ಅಮ್ಮನ ವಾಟ್ಸ್‌ಆ್ಯಪಿಗೆ ನಮ್ಮ ಸಂಬಂಧಿಕರೊಬ್ಬರ ಸಂಖ್ಯೆಯಿಂದಲೇ ಮದುವೆ ಕಾಗದವೊಂದು ಬಂತು. ಮದುವೆ ಕಾಗದ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆಂದು ಅಮ್ಮನಿಗೆ ಗೊತ್ತಿಲ್ಲ. ಇದರ ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿತ್ತು, ಅಂದರೆ ಅದು ಕಾಗದವಲ್ಲ, ಒಂದು ಆ್ಯಪ್. ತೆರೆಯಲು ಹೋದಾಗ ಫೋನು ಇಂಗ್ಲಿಷಿನಲ್ಲಿ ಏನನ್ನೋ ಕೇಳಿತು. ಅಮ್ಮ ನೀಲಿ ಅಕ್ಷರಗಳನ್ನು ಒತ್ತಿದರು. ಮತ್ತೊಮ್ಮೆ ಕೇಳಿತು, ಮತ್ತೊಮ್ಮೆ ಒತ್ತಿದರು. "ಒತ್ತದಿದ್ದರೆ ಮುಂದೆ ಹೋಗುವುದಿಲ್ಲವಲ್ಲ" ಎಂದು ಆಮೇಲೆ ಹೇಳಿದರು. ಅವರು ಒತ್ತಿದ್ದರಲ್ಲಿ ಒಂದು, ಸಂದೇಶಗಳನ್ನು ಓದಲು ಮತ್ತು ಕಳುಹಿಸಲು ಕೊಟ್ಟ ಅನುಮತಿಯಾಗಿತ್ತು. ಅಡಿಕೆ ಮಾರಿದ ಹಣ ಅದೇ ವಾರ ಖಾತೆಗೆ ಜಮೆಯಾಗಿತ್ತು. ರಾತ್ರಿ ಎರಡು ಸಲ ಹಣ ಹೋಯಿತು. ಬ್ಯಾಂಕಿನ ಸಂದೇಶಗಳು ಬಂದಿದ್ದರೂ ಆ ಆ್ಯಪ್ ಅವುಗಳನ್ನು ಅಮ್ಮನ ಕಣ್ಣಿಗೆ ಬೀಳದಂತೆ ಮಾಡಿತ್ತು. ಬೆಳಿಗ್ಗೆ ನಾನು ಪಾಸ್‌ಬುಕ್ಕಿನ ಆ್ಯಪ್ ತೆರೆದಾಗಲೇ ವಿಷಯ ಗೊತ್ತಾದದ್ದು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿದೆ, ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರನ್ನು ದಾಖಲಿಸಿದೆ. ಎರಡನೆಯ ಸಲ ಹೋದ ಹಣವನ್ನು ತಡೆಹಿಡಿಯಲು ಸಾಧ್ಯವಾಯಿತು, ಮೊದಲ ಸಲದ್ದು ಅಷ್ಟರಲ್ಲಿ ಬೇರೆ ಖಾತೆಗಳಿಗೆ ಹರಿದುಹೋಗಿತ್ತು. ರಾತ್ರಿಯೇ ಗೊತ್ತಾಗಿದ್ದರೆ ಅದೂ ಉಳಿಯುತ್ತಿತ್ತೇನೋ ಎಂಬ ಸಂಕಟ ಇನ್ನೂ ಇದೆ. ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು, ಅಮ್ಮ ಆ ದಿನದಿಂದ ಫೋನು ಮುಟ್ಟಲು ಹೆದರುತ್ತಿರುವುದು. ಕೊಲ್ಲಿಯಲ್ಲಿರುವ ತಂಗಿಯ ಜೊತೆ ವಾರಕ್ಕೊಮ್ಮೆ ಮುಖ ನೋಡಿ ಮಾತನಾಡುತ್ತಿದ್ದರು, ಅದನ್ನೂ ನಿಲ್ಲಿಸಿದ್ದಾರೆ.

ಸರ್ವರ್ ಕಾವಲು, ಮಂಗಳೂರು

ನಾನು ಮೂಲತಃ ಅಡೂರಿನವನು. ಮಂಗಳೂರಿನ ಚಿಕ್ಕ ಸಂಸ್ಥೆಯೊಂದರಲ್ಲಿ ಸರ್ವರುಗಳನ್ನೂ ಮಿಂಚಂಚೆಯನ್ನೂ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಪೆರ್ಲದ ಅಣ್ಣನವರ ಅಮ್ಮನಿಗೆ ದಯವಿಟ್ಟು ಹೇಳಿ, ತಪ್ಪು ಅವರದಲ್ಲ.

ಆ್ಯಂಡ್ರಾಯ್ಡ್‌ನಲ್ಲಿ ಪ್ರತಿಯೊಂದು ಆ್ಯಪ್ ತನ್ನದೇ ಕೋಣೆಯಲ್ಲಿ ಕೂಡಿಹಾಕಿದಂತೆ ಇರುತ್ತದೆ. ಪಕ್ಕದ ಕೋಣೆಯ ಸಂದೇಶವನ್ನೋ ಸಂಪರ್ಕ ಸಂಖ್ಯೆಯನ್ನೋ ಅದು ತಾನಾಗಿ ನೋಡಲಾರದು. ಅದಕ್ಕೆ ಬಳಕೆದಾರರ ಅನುಮತಿ ಬೇಕು. ಹಾಗಾಗಿ ಈ ಬಗೆಯ ವಂಚಕರು ತಂತ್ರಾಂಶದ ಬೀಗವನ್ನು ಒಡೆಯುವ ಕಷ್ಟಕ್ಕೇ ಹೋಗುವುದಿಲ್ಲ, ಮನೆಯವರ ಕೈಯಿಂದಲೇ ಅಗುಳಿ ತೆಗೆಸುತ್ತಾರೆ. ಸಂದೇಶ ಓದುವ ಅನುಮತಿ ಸಿಕ್ಕಿದರೆ ಒಟಿಪಿ ಸಿಕ್ಕಿದಂತೆ. ದೃಷ್ಟಿ ಅಥವಾ ಚಲನೆಯ ತೊಂದರೆಯಿರುವವರಿಗಾಗಿ ಇರುವ ಆ್ಯಕ್ಸೆಸಿಬಿಲಿಟಿ ಸೌಲಭ್ಯದ ಅನುಮತಿಯೂ ಸಿಕ್ಕಿದರೆ ಪರದೆಯನ್ನು ಓದಿ, ಗುಂಡಿಗಳನ್ನು ತಾನೇ ಒತ್ತಲೂ ಆ ಆ್ಯಪ್‌ಗೆ ಸಾಧ್ಯ. ಇದನ್ನು ಕಂಡೇ ಆ್ಯಂಡ್ರಾಯ್ಡ್ 13ರಿಂದ, ಹೊರಗಿನಿಂದ ಬಂದ ಎಪಿಕೆಗಳಿಗೆ ಆ ಅನುಮತಿ ಸುಲಭವಾಗಿ ಸಿಗದಂತೆ ತಡೆ ಹಾಕಲಾಗಿದೆ. ಆದರೆ ನಮ್ಮ ಹಿರಿಯರ ಕೈಯಲ್ಲಿರುವುದು ಹೆಚ್ಚಾಗಿ ಮಕ್ಕಳು ಬಳಸಿ ಬಿಟ್ಟ ಹಳೆಯ ಫೋನು.

ಈಗಲೇ ಮಾಡಬಹುದಾದದ್ದು ಒಂದಿದೆ. ಯಾವ ಆ್ಯಪ್ ಮೂಲಕ ಹೊಸ ಆ್ಯಪ್‌ಗಳನ್ನು ಅಳವಡಿಸಬಹುದು ಎಂಬುದನ್ನು ಆ್ಯಂಡ್ರಾಯ್ಡ್ 8ರಿಂದೀಚೆಗೆ ಒಂದೊಂದಾಗಿ ನಿರ್ಧರಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಅಪರಿಚಿತ ಆ್ಯಪ್‌ಗಳ ಅಳವಡಿಕೆ ಎಂಬಲ್ಲಿಗೆ ಹೋಗಿ ವಾಟ್ಸ್‌ಆ್ಯಪ್, ಬ್ರೌಸರ್, ಫೈಲ್ ಮ್ಯಾನೇಜರ್ ಮೂರಕ್ಕೂ ಅನುಮತಿ ಇಲ್ಲದಂತೆ ಮಾಡಿ. ಅಲ್ಲಿಂದ ಹೊರಬರುವ ಮೊದಲು, ಸಂದೇಶ ಓದುವ ಅನುಮತಿ ಯಾವ ಯಾವ ಆ್ಯಪ್‌ಗಳಿಗಿದೆ ಎಂಬ ಪಟ್ಟಿಯನ್ನೂ ನೋಡಿ. ಗೊತ್ತಿಲ್ಲದ ಹೆಸರು ಕಂಡರೆ ತೆಗೆದುಬಿಡಿ.

ಓದುಮನೆಯವರಲ್ಲಿ ಒಂದು ಮಾತು. ಗ್ರಂಥಾಲಯದ ಗಣಕಗಳಿಗೆ ಲಿನಕ್ಸ್ ಹಾಕಿದ್ದು ಸಂತೋಷವೇ ಆದರೂ, ಅದರಿಂದ ಇಂತಹ ಮೋಸ ಕಡಿಮೆಯಾಗುತ್ತದೆ ಎಂದು ಹಾಳೆಯಲ್ಲಿ ಬರೆಯಬೇಡಿ. ಒಟಿಪಿಯನ್ನು ಬಾಯಿಬಿಟ್ಟು ಹೇಳಿದವರನ್ನು ಯಾವ ಕಾರ್ಯಾಚರಣ ವ್ಯವಸ್ಥೆಯೂ ಕಾಯಲಾರದು. ಅದಕ್ಕೂ ಮಿಗಿಲಾಗಿ, ಆ್ಯಂಡ್ರಾಯ್ಡ್‌ನ ತಳದಲ್ಲಿರುವುದೂ ಲಿನಕ್ಸಿನ ತಿರುಳಾದ ಕರ್ನೆಲ್ಲೇ.

ಅಚ್ಚುಮೊಳೆ, ಉಪ್ಪಳ

ಫೋನಿನ ವಿಷಯ ಬಲ್ಲವರು ಬರೆದಿದ್ದಾರೆ. ನಾನು ಗಣಕದ ವಿಷಯವನ್ನೇ ಬರೆಯುತ್ತೇನೆ, ಏಕೆಂದರೆ ನನ್ನ ಅನ್ನ ಅದರಲ್ಲಿದೆ.

ನಾನು ಮುದ್ರಣಾಲಯ ನಡೆಸುವವನು. ನಮ್ಮ ಕಡೆಯ ಹಲವಾರು ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್ 7ರ ಮೇಲೆ, ಯುನಿಕೋಡ್ (ಎಲ್ಲ ಗಣಕಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ಕನ್ನಡ ಅಕ್ಷರಗಳಲ್ಲಿ ಕೆಲಸ ನಡೆಯುತ್ತದೆ. ಅದು 2001ರಲ್ಲಿ ಬಂದ, ಪುಟ ಕಟ್ಟುವ ತಂತ್ರಾಂಶ, ಅದರ ನಂತರ ದೊಡ್ಡ ಹೊಸ ಆವೃತ್ತಿ ಬಂದೇ ಇಲ್ಲ. ಹಣ ಕೊಟ್ಟು ಪಡೆಯಲು ಅದು ಇಂದು ಸಿಗುವುದಿಲ್ಲವಾದ್ದರಿಂದ ಎಲ್ಲರೂ ಎಲ್ಲಿಂದಲೋ ಇಳಿಸಿಕೊಂಡ ಪ್ರತಿಯನ್ನೇ ಬಳಸುತ್ತಾರೆ. ನಾನೂ ಹಾಗೆಯೇ ಮಾಡಿದೆ. ಎರಡು ವರ್ಷಗಳ ಹಿಂದೆ ಗಣಕ ಕೆಟ್ಟು ಹೊಸದಾಗಿ ಎಲ್ಲವನ್ನೂ ಅಳವಡಿಸುವಾಗ, ತಂತ್ರಾಂಶವೂ ಅಕ್ಷರಗಳೂ ಒಟ್ಟಿಗೆ ಸಿಗುವ ಒಂದು ಕಡತವನ್ನು ಇಳಿಸಿಕೊಂಡೆ. ಆ್ಯಂಟಿವೈರಸ್ ನಿಲ್ಲಿಸಿದ ಮೇಲೆ ತೆರೆಯಿರಿ ಎಂದು ಅದರ ಜೊತೆಗೇ ಸೂಚನೆಯಿತ್ತು. ನಿಲ್ಲಿಸಿದೆ.

ಮರುದಿನ ಬೆಳಿಗ್ಗೆ ನೋಡಿದರೆ ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಯ ಎಲ್ಲ ಪುಟಗಳು, ಹತ್ತು ವರ್ಷಗಳ ಮದುವೆ ಕಾಗದಗಳು, ಯಕ್ಷಗಾನದ ಹಳೆಯ ಪ್ರಸಂಗಗಳ ಅಚ್ಚಿನ ಕಡತಗಳು, ಎಲ್ಲಕ್ಕೂ ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕು ಅಕ್ಷರಗಳು ಸೇರಿಕೊಂಡಿದ್ದವು. ಒಂದೂ ತೆರೆಯಲಿಲ್ಲ. ಹಣ ಕೊಟ್ಟರೆ ಬಿಡಿಸಿಕೊಡುತ್ತೇವೆ ಎಂಬ ಚೀಟಿಯೊಂದು ಪ್ರತಿ ಫೋಲ್ಡರಿನಲ್ಲಿತ್ತು. ಬ್ಯಾಕಪ್ ಡಿಸ್ಕ್ ಇತ್ತು, ಆದರೆ ಅದನ್ನು ಸದಾ ಗಣಕಕ್ಕೆ ಸಿಕ್ಕಿಸಿಯೇ ಇಡುತ್ತಿದ್ದೆ; ಅದರೊಳಗಿನದೂ ಹೋಯಿತು. ಯೂರೋಪಿನ ಪೊಲೀಸರೂ ಭದ್ರತಾ ಸಂಸ್ಥೆಗಳೂ ಸೇರಿ 2016ರಲ್ಲಿ ಆರಂಭಿಸಿದ ನೋ ಮೋರ್ ರ‍್ಯಾನ್ಸಮ್ ಎಂಬ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿಗಳು ಸಿಗುತ್ತವೆ. ನನಗೆ ಬಂದದ್ದಕ್ಕೆ ಸಿಗಲಿಲ್ಲ. ಸಂಚಿಕೆಯನ್ನು ಕರಡು ಪ್ರತಿಗಳಿಂದ ನನ್ನ ಹೆಂಡತಿ ಮತ್ತು ನಾನು ಹನ್ನೊಂದು ರಾತ್ರಿ ಕುಳಿತು ಪುನಃ ಟೈಪ್ ಮಾಡಿದೆವು. ಪ್ರಸಂಗಗಳಲ್ಲಿ ಕೆಲವು ಇಂದಿಗೂ ಸಿಕ್ಕಿಲ್ಲ. ಅವುಗಳನ್ನು ತಂದುಕೊಟ್ಟಿದ್ದ ಭಾಗವತರು ಈಗಿಲ್ಲ.

ಆಮೇಲೆ ಲಿನಕ್ಸ್ ಮಿಂಟ್ ಹಾಕಿ, ಪುಟ ಕಟ್ಟಲು ಸ್ಕ್ರೈಬಸ್ 1.6ನ್ನು, ಬರವಣಿಗೆಗೆ ಲಿಬ್ರೆ ಆಫೀಸನ್ನು ಬಳಸುತ್ತಿದ್ದೇನೆ. ಕೀಲಿಮಣೆಯ ಚಿಂತೆ ಇತ್ತು, ಆದರೆ ಕೆ. ಪಿ. ರಾವ್ ಅವರು ರೂಪಿಸಿದ, ನಮ್ಮ ಬೆರಳಿಗೆ ಕೂತಿರುವ ಕಗಪ ವಿನ್ಯಾಸವೇ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿತ್ತು. ಹೊರಗಿನಿಂದ ಏನನ್ನೂ ಇಳಿಸಬೇಕಾಗಲಿಲ್ಲ. ಹಳೆಯ ನುಡಿ ಅಕ್ಷರದ ಬರಹಗಳನ್ನು ಯುನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಒತ್ತಕ್ಷರಗಳನ್ನೂ ಕಣ್ಣಿಟ್ಟು ತಿದ್ದಬೇಕು, ಇಲ್ಲದಿದ್ದರೆ ತಪ್ಪು ಉಳಿಯುತ್ತದೆ. ಎಲ್ಲವೂ ಸುಲಭವಾಯಿತೆಂದು ಹೇಳಲಾರೆ. ಮೊದಲ ಮೂರು ತಿಂಗಳು ಕೆಲಸ ಅರ್ಧಕ್ಕಿಳಿಯಿತು. ಹಳೆಯ ಗಿರಾಕಿಗಳ ಪೇಜ್‌ಮೇಕರ್ ಕಡತಗಳಿಗಾಗಿ ಒಂದು ಹಳೆಯ ವಿಂಡೋಸ್ ಯಂತ್ರವನ್ನು ಉಳಿಸಿಕೊಂಡಿದ್ದೇನೆ. ಅದಕ್ಕೆ ಅಂತರ್ಜಾಲದ ತಂತಿ ಇಲ್ಲ. ಬ್ಯಾಕಪ್ ಡಿಸ್ಕುಗಳು ಈಗ ಎರಡು. ಶನಿವಾರ ನಕಲು ಮಾಡಿದ ಕೂಡಲೇ ಒಂದು ಮನೆಯ ಕಪಾಟಿಗೆ ಹೋಗುತ್ತದೆ.

ಸೇವಾಕೇಂದ್ರ, ಮುಳ್ಳೇರಿಯ

ಅರ್ಜಿ, ಬಿಲ್ಲು, ಪ್ರಮಾಣಪತ್ರಗಳ ಕೆಲಸಕ್ಕಾಗಿ ನಮ್ಮಲ್ಲಿಗೆ ಬರುವವರು ಒಟಿಪಿಯನ್ನು ಸರದಿಯಲ್ಲಿ ನಿಂತಲ್ಲಿಂದಲೇ ಗಟ್ಟಿಯಾಗಿ ಕೂಗಿ ಹೇಳುತ್ತಾರೆ. ನಾವೂ ಅದಕ್ಕೆ ಒಗ್ಗಿಹೋಗಿದ್ದೆವು. ಈಗ ಒಟಿಪಿಯನ್ನು ಅವರೇ ಟೈಪ್ ಮಾಡಲೆಂದು ಮೇಜಿನ ಹೊರಗಡೆಗೆ ಚಿಕ್ಕ ಅಂಕಿಫಲಕವೊಂದನ್ನು ಜೋಡಿಸಿದ್ದೇನೆ. ಅಂಕಿ ಓದಲು ಭಾಷೆ ಬೇಕಿಲ್ಲ.

ಹಾಳೆಯಲ್ಲಿ ಸೇರಿಸಬಹುದಾದ ಇನ್ನೊಂದು ಸಂಗತಿ: 2025ರ ನಿಯಮದ ತಿದ್ದುಪಡಿಯ ಬಳಿಕ ಸಂಸ್ಥೆಗಳಿಂದ ಬರುವ ಎಸ್ಎಂಎಸ್‌ಗಳಲ್ಲಿ ಕಳುಹಿಸಿದವರ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ಒಂದು ಇಂಗ್ಲಿಷ್ ಅಕ್ಷರವಿರುತ್ತದೆ. ಪಿ ಎಂದರೆ ಪ್ರಚಾರ, ಎಸ್ ಎಂದರೆ ಸೇವೆ, ಟಿ ಎಂದರೆ ವ್ಯವಹಾರ, ಜಿ ಎಂದರೆ ಸರಕಾರ. ಹತ್ತಂಕಿಯ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ ಬ್ಯಾಂಕಿನ ಹೆಸರಿನಲ್ಲಿ ಬಂದ ಸಂದೇಶವನ್ನು ಓದಲೇಬೇಕಿಲ್ಲ. ಕರೆಗಳಲ್ಲಿಯೂ ಹಾಗೆಯೇ, ಬ್ಯಾಂಕುಗಳು ವ್ಯವಹಾರದ ಕರೆಗಳನ್ನು 1600ರಿಂದ ಆರಂಭವಾಗುವ ಸಂಖ್ಯೆಗಳಿಂದ, ಪ್ರಚಾರದ ಕರೆಗಳನ್ನು 140ರಿಂದ ಆರಂಭವಾಗುವ ಸಂಖ್ಯೆಗಳಿಂದ ಮಾಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಸಂಶಯದ ಕರೆ ಅಥವಾ ಸಂದೇಶವನ್ನು ಕೇಂದ್ರದ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ಚಕ್ಷು ವಿಭಾಗದಲ್ಲಿ ವರದಿ ಮಾಡಬಹುದು. ಹಣ ಹೋದ ಮೇಲಿನ ದೂರಿಗೆ ಅದು ಜಾಗವಲ್ಲ, ಅದಕ್ಕೆ 1930.

ನಿವೃತ್ತ ಅಧ್ಯಾಪಿಕೆ, ಮಂಜೇಶ್ವರ

ಮಕ್ಕಳೇ, ನಿಮ್ಮೆಲ್ಲರ ಬರಹಗಳನ್ನು ಎರಡೆರಡು ಸಲ ಓದಿದೆ. ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳಾಗಿ ನನಗೆ ಹೇಳಬೇಕೆನಿಸಿದ್ದು ಒಂದು, ಕೇಳಬೇಕೆನಿಸಿದ್ದು ಎರಡು.

ಹೇಳಬೇಕಾದದ್ದು ಇದು. ಪೆರ್ಲದ ತಾಯಿಯ ಫೋನನ್ನು ಕನ್ನಡಕ್ಕೆ ಬದಲಿಸಿ. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಇದ್ದೇ ಇರುತ್ತದೆ, ಆದರೆ ನಮ್ಮ ಮಕ್ಕಳು ಫೋನು ತಂದ ದಿನವೇ ಇಂಗ್ಲಿಷನ್ನು ಆಯ್ದು ಅಪ್ಪ ಅಮ್ಮನ ಕೈಗೆ ಕೊಡುತ್ತಾರೆ. "ಸಂದೇಶಗಳನ್ನು ಓದಲು ಮತ್ತು ಕಳುಹಿಸಲು ಅನುಮತಿಸಬೇಕೇ?" ಎಂದು ಕನ್ನಡದಲ್ಲಿ ಕೇಳಿದ್ದರೆ, ಆ ತಾಯಿ "ಮದುವೆ ಕಾಗದಕ್ಕೆ ನನ್ನ ಸಂದೇಶ ಯಾಕೆ?" ಎಂದು ಒಂದು ಗಳಿಗೆಯಾದರೂ ನಿಲ್ಲುತ್ತಿದ್ದರು. ಆ ಒಂದು ಗಳಿಗೆಗೇ ಬೆಲೆ ಇರುವುದು. ನಾನು ನನ್ನ ಫೋನನ್ನು ಬದಲಿಸಿದಾಗ ಮೊದಲಿಗೆ ಕೆಲವು ಪದಗಳು ಕಡ್ಡಿ ಮುರಿದಂತಿದ್ದವು, ಹದಿನೈದು ದಿನದಲ್ಲಿ ಅಭ್ಯಾಸವಾಯಿತು. ಫೈರ್‌ಫಾಕ್ಸ್‌ನ ಕನ್ನಡ ಅನುವಾದವನ್ನು ಮೊಜಿಲ್ಲಾದವರ ಪಾಂಟೂನ್ ಎಂಬ ತಾಣದಲ್ಲಿ ಸ್ವಯಂಸೇವಕರೇ ಮಾಡುತ್ತಾರೆಂದು ತಿಳಿದ ಮೇಲೆ ನಾನೂ ಅಲ್ಲಿ ಸೇರಿಕೊಂಡು ವಾಕ್ಯಗಳನ್ನು ಸೂಚಿಸುತ್ತಿದ್ದೇನೆ. ಎಚ್ಚರಿಕೆಯ ವಾಕ್ಯಗಳನ್ನೇ ಮೊದಲು ನೋಡುತ್ತೇನೆ. ತೆರೆದ ತಂತ್ರಾಂಶದ ಗುಣ ನನಗೆ ಅರ್ಥವಾದದ್ದು ಅಲ್ಲಿಯೇ: ಒಂದು ಮಾತು ನಮ್ಮವರಿಗೆ ತಿಳಿಯುವಂತಿಲ್ಲವೆಂದು ಕಂಡರೆ, ಮಂಜೇಶ್ವರದಲ್ಲಿ ಕುಳಿತ ಅಧ್ಯಾಪಿಕೆಯೂ ತಿದ್ದುಪಡಿಯನ್ನು ಮುಂದಿಡಬಹುದು.

ಇನ್ನು ಪ್ರಶ್ನೆಗಳು. ಮೊದಲನೆಯದು, ನಮ್ಮ ಸಂಖ್ಯೆಗಳೂ ಮಿಂಚಂಚೆ ವಿಳಾಸಗಳೂ ಈ ವಂಚಕರಿಗೆ ಎಲ್ಲಿಂದ ಸಿಗುತ್ತವೆ? ಎರಡನೆಯದು, ಜಾಲತಾಣದ ವಿಳಾಸದಲ್ಲಿ ಒಂದೇ ರೀತಿ ಕಾಣುವ ಅಕ್ಷರಗಳನ್ನಿಟ್ಟು ಮೋಸ ಮಾಡುತ್ತಾರೆಂದು ಓದಿದೆ. ನಮ್ಮ ಸೊನ್ನೆಯೂ ಅನುಸ್ವಾರವೂ ಇಂಗ್ಲಿಷಿನ ಓ ಅಕ್ಷರದಂತೆಯೇ ದುಂಡಗಿವೆಯಲ್ಲ, ಅವುಗಳನ್ನು ಬಳಸಿಯೂ ಹಾಗೆ ಮಾಡಬಹುದೇ?

ಅಚ್ಚುಮೊಳೆ, ಉಪ್ಪಳ

ಟೀಚರ್ ಅವರ ಮೊದಲ ಪ್ರಶ್ನೆಗೆ ಉತ್ತರ ಹೇಳುವಾಗ ನನ್ನ ಮನಸ್ಸು ಅಳುಕುತ್ತದೆ. ಎಷ್ಟೋ ಸ್ಮರಣ ಸಂಚಿಕೆಗಳ ಕೊನೆಯ ಪುಟಗಳಲ್ಲಿ ಸಮಿತಿಯ ಸದಸ್ಯರ, ದಾನಿಗಳ, ಊರ ಪ್ರಮುಖರ ಹೆಸರು, ಮನೆ, ಮೊಬೈಲ್ ಸಂಖ್ಯೆಗಳ ಪಟ್ಟಿಯನ್ನು ನಾನೇ ಅಚ್ಚು ಮಾಡಿದ್ದೇನೆ. ಪುಸ್ತಕವಾಗಿ ಅದು ಊರೊಳಗೆ ಇರುತ್ತಿತ್ತು. ಈಗ ಅದೇ ಪುಟಗಳ ಪಿಡಿಎಫನ್ನು ವಾಟ್ಸ್‌ಆ್ಯಪಿಗೂ ಜಾಲತಾಣಕ್ಕೂ ಹಾಕುತ್ತಾರೆ. ಯುನಿಕೋಡ್ ಪಿಡಿಎಫ್‌ನಿಂದ ಹೆಸರು, ಸಂಖ್ಯೆ ಎರಡನ್ನೂ ಯಂತ್ರವೇ ಹೆಕ್ಕಿಕೊಳ್ಳಬಹುದು. ಈ ವರ್ಷದಿಂದ ಜಾಲಕ್ಕೆ ಹಾಕುವ ಪ್ರತಿಯಲ್ಲಿ ಸಂಖ್ಯೆಗಳನ್ನು ತೆಗೆದುಕೊಡುತ್ತೇನೆಂದು ಸಮಿತಿಗಳಿಗೆ ನಾನಾಗಿಯೇ ಹೇಳುತ್ತಿದ್ದೇನೆ. ಹಲವರು ಒಪ್ಪಿದ್ದಾರೆ.

ಸರ್ವರ್ ಕಾವಲು, ಮಂಗಳೂರು

ಟೀಚರ್, ನಿಮ್ಮ ಎರಡನೆಯ ಪ್ರಶ್ನೆ ಬಹಳ ಸೂಕ್ಷ್ಮವಾದದ್ದು. ಒಂದಕ್ಕೊಂದು ಹೋಲುವ ಅಕ್ಷರಗಳ ಪಟ್ಟಿಯನ್ನು ಯುನಿಕೋಡ್ ಸಂಸ್ಥೆ ಪ್ರಕಟಿಸುತ್ತದೆ. ಅದರಲ್ಲಿ ಕನ್ನಡ, ತೆಲುಗು, ಮಲಯಾಳಗಳ ಅನುಸ್ವಾರವೂ ಸೊನ್ನೆಯೂ ಲ್ಯಾಟಿನ್ ಓ ಅಕ್ಷರವನ್ನು ಹೋಲುವವೆಂದು ದಾಖಲಾಗಿವೆ. ಹಾಗಾಗಿ ಬ್ಯಾಂಕಿನ ಹೆಸರೊಂದರಲ್ಲಿ ಓ ಇರುವ ಜಾಗಕ್ಕೆ ನಮ್ಮ ಸೊನ್ನೆಯನ್ನಿಟ್ಟರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗದಿರಬಹುದು. ಫೈರ್‌ಫಾಕ್ಸ್, ಕ್ರೋಮ್‌ಗಳು ಇದನ್ನು ತಿಳಿದೇ, ಕನ್ನಡ ಮತ್ತು ಲ್ಯಾಟಿನ್ ಬೆರೆತ ಇಂತಹ ಹೆಸರನ್ನು ಹಾಗೆಯೇ ತೋರಿಸುವ ಬದಲು ಎಕ್ಸ್‌ಎನ್ ಎಂಬ ಅಕ್ಷರಗಳು ಮತ್ತು ಎರಡು ಅಡ್ಡಗೆರೆಗಳಿಂದ (xn--) ಆರಂಭವಾಗುವ ಸಂಕೇತವಾಗಿ ತೋರಿಸುತ್ತವೆ. ಬ್ರೌಸರಿನ ಮೇಲ್ಗಡೆಯ ವಿಳಾಸದ ಪಟ್ಟಿಯಲ್ಲಿ ಹಾಗೆ ಕಂಡರೆ ಹಿಂದಿರುಗಿ. ಆದರೆ ವಾಟ್ಸ್‌ಆ್ಯಪ್ ಸಂದೇಶದ ಪಠ್ಯದಲ್ಲಿ ಆ ರಕ್ಷಣೆ ಸಿಗುತ್ತದೆಂದು ನಂಬಬೇಡಿ. ಬ್ಯಾಂಕುಗಳ ಮಟ್ಟಿಗೆ ಇನ್ನೊಂದು ಅನುಕೂಲವಾಗಿದೆ: ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಅವು 2025ರ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು ಬ್ಯಾಂಕ್ ಡಾಟ್ ಇನ್ (.bank.in) ಎಂದು ಕೊನೆಗೊಳ್ಳುವ ವಿಳಾಸಗಳಿಗೆ ಬದಲಿಸಬೇಕಾಗಿತ್ತು. ಆ ಕೊನೆಯನ್ನು ನೋಡುವ ಅಭ್ಯಾಸ ಒಳ್ಳೆಯದು.

ಮಿಂಚಂಚೆಯ ಕಸದ, ಅಂದರೆ ಸ್ಪ್ಯಾಮಿನ, ಬಗ್ಗೆಯೂ ಹೇಳುತ್ತೇನೆ, ಏಕೆಂದರೆ ಅದು ಭಾಷೆಗೆ ಸಂಬಂಧಿಸಿದ್ದು. ಇಂತಿಂತಹ ಪದಗಳಿದ್ದರೆ ತಿರಸ್ಕರಿಸು ಎಂಬ ಬಗೆಯ ಸೋಸುವಿಕೆ ಹಳೆಯದು. 2002ರಲ್ಲಿ ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ಅವರ ಬರಹದಿಂದ ಇನ್ನೊಂದು ವಿಧಾನ ಜನಪ್ರಿಯವಾಯಿತು. ಓದುಗ ಯಾವ ಅಂಚೆಯನ್ನು ಕಸವೆಂದ, ಯಾವುದನ್ನು ಉಳಿಸಿಕೊಂಡ ಎಂಬುದನ್ನು ನೋಡಿ, ಒಂದೊಂದು ಪದವೂ ಕಸದಲ್ಲಿ ಬರುವ ಸಂಭವ ಎಷ್ಟು ಎಂದು ತಂತ್ರಾಂಶವೇ ಲೆಕ್ಕ ಹಾಕುತ್ತದೆ. ಉಚಿತ ಹಾಗೂ ಮುಕ್ತ ತಂತ್ರಾಂಶಗಳಾದ ಥಂಡರ್‌ಬರ್ಡ್, ಸ್ಪ್ಯಾಮ್‌ಅಸ್ಯಾಸಿನ್ ಎರಡರಲ್ಲಿಯೂ ಈ ಕಲಿಕೆಯಿದೆ. ಅಂದರೆ ಕನ್ನಡದ ಕಸವನ್ನು ಗುರುತಿಸಲು ಅದು ಕಲಿಯುವುದು ಕನ್ನಡ ಓದುವವರು ಗುರುತಿಸಿ ತೋರಿಸಿದಾಗ. ಈಚೆಗೆ ಮೋಸದ ಅಂಚೆಗಳು ತಕ್ಕಮಟ್ಟಿಗೆ ಶುದ್ಧವಾದ ಕನ್ನಡದಲ್ಲಿಯೇ ಬರುತ್ತಿರುವುದನ್ನು ನಾನು ಕೆಲಸದಲ್ಲಿ ಕಾಣುತ್ತಿದ್ದೇನೆ, ಕಾಗುಣಿತದ ತಪ್ಪಿನಿಂದ ಅವುಗಳನ್ನು ಹಿಡಿಯುವ ಕಾಲ ಹೋಯಿತು. ಆದ್ದರಿಂದ ಅಂತಹದನ್ನು ಸುಮ್ಮನೆ ಅಳಿಸದೆ, ಕಸವೆಂಬ ಗುಂಡಿಯನ್ನು ಒತ್ತಿ. ಗುರುತಿಲ್ಲದವರ ಅಂಚೆಯ ತಳದಲ್ಲಿರುವ ಚಂದಾ ರದ್ದತಿಯ ಕೊಂಡಿಯನ್ನು ಮುಟ್ಟಬೇಡಿ; ಈ ವಿಳಾಸದಲ್ಲಿ ಓದುವವರೊಬ್ಬರಿದ್ದಾರೆ ಎಂದು ಅವರಿಗೆ ನೀವೇ ತಿಳಿಸಿದಂತಾಗುತ್ತದೆ.

ಇನ್ನು ಉಪ್ಪಳದ ಅಣ್ಣನವರ ಅನುಭವ ಓದಿ, ಮುಕ್ತ ತಂತ್ರಾಂಶಕ್ಕೆ ಬಂದರೆ ಭಯವೇ ಇಲ್ಲ ಎಂದು ಯಾರೂ ತಿಳಿಯಬಾರದು. 2024ರ ಮಾರ್ಚ್ 29ರಂದು ಹೊರಬಿದ್ದ ಎಕ್ಸ್‌ಝೆಡ್ ಪ್ರಕರಣವನ್ನು ನೆನಪಿಸುತ್ತೇನೆ. ಕಡತಗಳನ್ನು ಕುಗ್ಗಿಸುವ ಈ ಸಣ್ಣ ತಂತ್ರಾಂಶವನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ದಣಿದಿದ್ದ ಒಬ್ಬರೇ ಸ್ವಯಂಸೇವಕರು. ಸಹಾಯ ಮಾಡುವವನಂತೆ ಸೇರಿಕೊಂಡ ಒಬ್ಬಾತ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸವನ್ನೇ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ದೂರದಿಂದ ಸರ್ವರಿಗೆ ನುಗ್ಗಬಲ್ಲ ಕಳ್ಳದಾರಿಯನ್ನು ಅದರೊಳಗೆ ಅಡಗಿಸಿದ. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿ, ಬಿಡದೆ ಹುಡುಕಿ, ಅದನ್ನು ಬಯಲಿಗೆಳೆದರು. ಪರೀಕ್ಷಾ ಆವೃತ್ತಿಗಳಿಗೆ ಅದು ತಲುಪಿಯಾಗಿತ್ತು, ಉಬುಂಟು 22.04ರಂತಹ ಸ್ಥಿರ ಆವೃತ್ತಿಗಳಿಗೆ ಬಂದಿರಲಿಲ್ಲ. ತಂತ್ರಾಂಶದ ಮೂಲ ಸಂಕೇತ (ಸೋರ್ಸ್ ಕೋಡ್) ಬಯಲಿನಲ್ಲಿದ್ದುದರಿಂದ ಒಬ್ಬರಿಗೆ ಹುಡುಕಲು ಸಾಧ್ಯವಾಯಿತು ಎಂಬುದು ನಿಜ. ಎಲ್ಲರ ಆಧಾರವಾಗಿದ್ದ ಒಂದು ಕೆಲಸವನ್ನು ಒಬ್ಬನೇ ಹೊತ್ತಿದ್ದ ಎಂಬುದೂ ಅಷ್ಟೇ ನಿಜ, ಮತ್ತು ಇದು ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ.

ದಿನದ ಬಳಕೆಯಲ್ಲಿ ನಮಗೆ ಉಳಿಯುವುದು ಅಪ್‌ಡೇಟ್ ಒಂದೇ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಹರಡಿದಾಗ ವಯನಾಡಿನ ಪಂಚಾಯತ್ ಕಚೇರಿಯೊಂದರ ಗಣಕಗಳೂ ಸಿಕ್ಕಿಬಿದ್ದವು. ಅದನ್ನು ತಡೆಯುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲಿ, ಕೊಟ್ಟಿತ್ತು. ಓದುಮನೆಯವರೇ, ನಿಮ್ಮ ನಾಲ್ಕು ಗಣಕಗಳಲ್ಲಿ ಅಪ್‌ಡೇಟ್ ತಾನಾಗಿ ಆಗುತ್ತಿದೆಯೇ ಎಂದು ದಯವಿಟ್ಟು ನೋಡಿ.

ಕಂಗಿನತೋಟ, ಪೆರ್ಲ

ನಿನ್ನೆ ಅಮ್ಮನ ಫೋನನ್ನು ಮೊದಲಿನಿಂದ ರೀಸೆಟ್ ಮಾಡಿ ಕನ್ನಡಕ್ಕೆ ಬದಲಿಸಿದೆ. ವಾಟ್ಸ್‌ಆ್ಯಪ್‌ಗೆ ಆ್ಯಪ್ ಅಳವಡಿಸುವ ಅನುಮತಿಯನ್ನು ತೆಗೆದಿದ್ದೇನೆ. ಪಾಸ್‌ವರ್ಡುಗಳನ್ನು ಎಲ್ಲಿಡಬೇಕೆಂದು ಅಮ್ಮ ಕೇಳುತ್ತಿದ್ದಾರೆ. ಪಾಸ್‌ವರ್ಡುಗಳನ್ನು ಕಾಪಿಡುವ ಕೀಪಾಸ್‌ಎಕ್ಸ್‌ಸಿಯಂತಹ ತಂತ್ರಾಂಶ ನನಗೆ ಸರಿ, ಅವರಿಗೆ ಕಷ್ಟ.

ಸರ್ವರ್ ಕಾವಲು, ಮಂಗಳೂರು

ಒಂದು ಪುಸ್ತಕದಲ್ಲಿ ಬರೆದು ಮನೆಯ ಕಪಾಟಿನಲ್ಲಿಡಲಿ. ದೂರದ ವಂಚಕನ ಕೈ ಅಲ್ಲಿಗೆ ನಿಲುಕುವುದಿಲ್ಲ. ಯುಪಿಐ ಪಿನ್ ಮಾತ್ರ ಅದರಲ್ಲಿರಬಾರದು, ಪುಸ್ತಕವನ್ನು ಫೋನಿನ ಕವರಿನೊಳಗೆ ಇಡಬಾರದು.

ಓದುಮನೆ, ಬದಿಯಡ್ಕ

ಎಲ್ಲರಿಗೂ ಕೃತಜ್ಞತೆಗಳು. ಅಪ್‌ಡೇಟ್‌ಗಳನ್ನು ನೋಡಿದೆ. ಮೂರು ಗಣಕಗಳಲ್ಲಿ ಸರಿಯಿತ್ತು, ಒಂದರಲ್ಲಿ ತಿಂಗಳಿನಿಂದ ನಿಂತುಹೋಗಿತ್ತು, ಈಗ ಸರಿಪಡಿಸಿದ್ದೇನೆ. ಬಂದವರು ಲಾಗೌಟ್ ಮಾಡದೆ ಎದ್ದುಹೋಗುವುದರಿಂದ, ಬ್ರೌಸರ್ ಮುಚ್ಚಿದ ಕೂಡಲೇ ಲಾಗಿನ್ನನ್ನು ನೆನಪಿಡುವ ಎಲ್ಲ ಕುಕಿಗಳೂ ಇತಿಹಾಸವೂ ಅಳಿಯುವಂತೆ ಫೈರ್‌ಫಾಕ್ಸ್‌ನಲ್ಲಿ ಹೊಂದಿಸಿದ್ದೇನೆ.

ನಾನು ನನಗಾಗಿಯೂ ಒಂದು ನಿಯಮ ಮಾಡಿಕೊಂಡೆ. ಯಾರಾದರೂ ಫೋನು ಚಾಚಿದರೆ ಇನ್ನು ನನ್ನ ಕೈಗೆ ತೆಗೆದುಕೊಳ್ಳುವುದಿಲ್ಲ. ಅವರ ಕೈಯಲ್ಲಿಯೇ ಇರುವಾಗ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಓದಿ, ಅರ್ಥವನ್ನು ಕನ್ನಡದಲ್ಲಿ ಹೇಳಿ, ಒತ್ತುವುದನ್ನು ಅವರಿಗೇ ಬಿಡುತ್ತೇನೆ. ಒಟಿಪಿ ಕಂಡರೆ ಓದುವುದಿಲ್ಲ. ಮೊದಲ ದಿನ ಒಬ್ಬರಿಗೆ ಸ್ವಲ್ಪ ಬೇಸರವಾಯಿತು, "ನಿನ್ನ ಮೇಲೆ ನನಗೆ ನಂಬಿಕೆ ಇಲ್ಲವೆಂದೆಯಾ?" ಎಂದು ಕೇಳಿದರು. ನಂಬಿಕೆ ಇದೆಯೆಂದೇ ಹೀಗೆ ಮಾಡುತ್ತಿದ್ದೇನೆ, ನಾಳೆ ನನ್ನ ಜಾಗದಲ್ಲಿ ಬೇರೆಯವರು ಕುಳಿತಿರಬಹುದು ಎಂದು ಹೇಳಿದೆ.

ಹಾಳೆಯ ಒಂದು ಬದಿಯಲ್ಲಿ ಫೋನನ್ನು ಕನ್ನಡಕ್ಕೆ ಬದಲಿಸುವ ಕ್ರಮ ಮತ್ತು ಅನುಮತಿಗಳ ಅರ್ಥ ಇರುತ್ತದೆ. ಇನ್ನೊಂದು ಬದಿಯಲ್ಲಿ 1930 ದೊಡ್ಡದಾಗಿ, ಅದರ ಕೆಳಗೆ ಹಣ ಹೋದ ಮೊದಲ ಗಂಟೆಯಲ್ಲಿ ಮಾಡಬೇಕಾದದ್ದು. ಬರುವ ಶನಿವಾರದಿಂದ ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಶಾಲೆಯ ಲಿಟಲ್ ಕೈಟ್ಸ್ ಎಂಬ ಐಟಿ ತಂಡದ ಮಕ್ಕಳು ಗ್ರಂಥಾಲಯಕ್ಕೆ ಬರಲು ಒಪ್ಪಿದ್ದಾರೆ. ಟೀಚರ್, ಹಾಳೆಯ ಕರಡನ್ನು ನಿಮಗೆ ಕಳುಹಿಸಿದ್ದೇನೆ, ಭಾಷೆಯನ್ನು ತಿದ್ದಿಕೊಡಬೇಕು.

ನಿವೃತ್ತ ಅಧ್ಯಾಪಿಕೆ, ಮಂಜೇಶ್ವರ

ತಿದ್ದಿದ್ದೇನೆ. "ಅಪರಿಚಿತ ಮೂಲಗಳಿಂದ ಅಳವಡಿಸುವುದನ್ನು ನಿಷ್ಕ್ರಿಯಗೊಳಿಸಿ" ಎಂದು ಬರೆದಿದ್ದೆಯಲ್ಲ, ಅದನ್ನು "ವಾಟ್ಸ್‌ಆ್ಯಪಿನಲ್ಲಿ ಬಂದ ಯಾವುದನ್ನೂ ಫೋನಿಗೆ ಹಾಕಿಕೊಳ್ಳಬೇಡಿ" ಎಂದು ಮಾಡಿದೆ. ಎರಡನೆಯ ಬದಿಗೆ ನಾನು ಕೈ ಹಚ್ಚಿಲ್ಲ, ಚೆನ್ನಾಗಿದೆ.

ಅಚ್ಚುಮೊಳೆ, ಉಪ್ಪಳ

ಐನೂರು ಪ್ರತಿಗಳನ್ನು ಕಾಗದದ ಖರ್ಚಿಗಷ್ಟೇ ಅಚ್ಚು ಮಾಡಿಕೊಡುತ್ತೇನೆ. ಅಕ್ಷರ 16 ಪಾಯಿಂಟಿಗಿಂತ ಚಿಕ್ಕದಾಗದಂತೆ ಪುಟ ಕಟ್ಟಿದ್ದೇನೆ, ಆದರೆ ಹಾಗೆ ಮಾಡಿದಾಗ ಮೊದಲ ಬದಿಯ ಕೊನೆಯ ನಾಲ್ಕು ಸಾಲುಗಳು ಹಿಡಿಸುತ್ತಿಲ್ಲ. ಯಾವುದನ್ನು ಬಿಡಬಹುದೆಂದು ಗುರುವಾರದೊಳಗೆ ತಿಳಿಸಿರಿ.